ರೊಪ್ಪದ ಬಾಗಿಲಲ್ಲಿ ಎಣಿಕೆ

ಸುಳ್ಳು ಅನ್ನೋರು ಈಗ್ಲೇ ಎದ್ದು ಹೋಗಿ, ನಾನೇನೂ ತಡೆಯಲ್ಲ. ಇದು ನಮ್ಮ ಪಕ್ಕದ ಮನೆ ಪೆದ್ದಣ್ಣಂಗೆ ಹೋದ ಬೇಸಿಗೇಲಿ ಆಗಿದ್ದು, ಅವನ ಬಾಯಿಂದ್ಲೇ ಕೇಳಿದ್ದು.

ಶಿರಾ ರಸ್ತೆ ಕಡೆ ಮೇಯಿಸೋಕೆ ಹೋಗಿದ್ದಾಗ ದಾರೀಲಿ ಒಂದು ಕುರಿ ಈದುಬಿಡ್ತು. ಗಂಡ ಹೆಂಡ್ತಿ ಹಟ್ಟಿ ದಾರಿ ಹಿಡಿಯೋ ಹೊತ್ಗೆ ರಾತ್ರಿ ಹತ್ತು. ಹಳೇ ಬಾವಿ ಪಕ್ಕದಲ್ಲೇ ಬರಬೇಕು... ಪೆದ್ದಣ್ಣ ಅತ್ತ ಮುಖ ತಿರುಗಿಸಲಿಲ್ಲ.

ಅವನ ಮಗಳು ಸಹನಾ, ನಾಲ್ಕು ವರ್ಷದ ಕೂಸು, ಅದಕ್ಕೆ ಒಂದು ವರ್ಷ ಮುಂಚೆ ಆ ಬಾವಿಗೆ ಬಿದ್ದೇ ಸತ್ತಿದ್ದು. ಅವತ್ತು ಅವನು ಕುರಿ ಕೂಡೋ ರೊಪ್ಪದ ಬಾಗಿಲಲ್ಲಿ ನಿಂತು, ಒಳಗೆ ನುಗ್ಗೋ ಕುರಿ ಎಣಿಸ್ತಿದ್ದ. ಎಣಿಸೋನನ್ನ ಯಾರೂ ಮಾತಾಡಿಸಬಾರದು. ಲೆಕ್ಕ ತಪ್ಪಿದ್ರೆ ಅಷ್ಟೂ ಕುರಿ ಮತ್ತೆ ಆಚೆ ಹೊಡೀಬೇಕು. ಮಗು ಅವನ ಕಾಲ ಪಕ್ಕದಲ್ಲೇ ಆಚೆ ಹೋಯ್ತು. ಎದುರು ಮನೆ ಕಮಲಾಕ್ಷಮ್ಮ ನೋಡಿದ್ಲು. ಅಪ್ಪ ಅಲ್ಲೇ ಇದಾನಲ್ಲ ಅಂತ ಸುಮ್ಮನಾದ್ಲು. ಪೆದ್ದಣ್ಣಂಗೆ ಮಾತ್ರ ಕಂಡಿರಲಿಲ್ಲ. ದೇವರಾಣೆಗೂ ಕಂಡಿರಲಿಲ್ಲ.

“ಕುರಿ ಕಂಡ್ವು, ಮಗಳು ಕಾಣ್ಲಿಲ್ವಾ?” ಹೆಂಡ್ತಿ ಚಿಕ್ಕಹನುಮಕ್ಕ ಒಂದು ವರ್ಷದಿಂದ ಇದೊಂದನ್ನೇ ಕೇಳಿ ಕೇಳಿ ಅವನನ್ನ ಸಾಯಿಸ್ತಿದ್ಲು. ಊರು ಏನಾದ್ರೂ ಅನ್ಲಿ, ಇವಳೊಬ್ಬಳು ನಂಬಿದ್ರೆ ಸಾಕು ಅಂತ ಒದ್ದಾಡ್ತಿದ್ದ ಪಾಪ. ಎಣಿಸೋದನ್ನ ಬಿಟ್ಟೇ ಬಿಟ್ಟಿದ್ದ. ಅವಳೇ ಎಣಿಸೋಳು.

ಆ ರಾತ್ರಿನೂ ಅವಳೇ ಬಾಗಿಲಲ್ಲಿ ನಿಂತ್ಲು. ಇವನು ಬ್ಯಾಟರಿ ಹಿಡಿದ. ಗೊರಸಿನ ಸದ್ದು... ಟಕ ಟಕ... ಟಕ ಟಕ...

“ಮೂವತ್ತೊಂದು... ಮೂವತ್ತೆರಡು...”

ನಡುವೆ ಇನ್ನೊಂದು ಸದ್ದು. ಪಚಕ್... ಪಚಕ್... ಬರಿಗಾಲು ಕೆಸರು ತುಳಿದಂಗೆ. ಎಲ್ಲಿಯ ಕೆಸರು? ನೆಲ ಬಿರುಕು ಬಿಟ್ಟಿತ್ತು!

ರೊಪ್ಪದ ಒಳಗಿಂದ ಸಹನಾ ಬಂದ್ಲು. ಕುರಿಗಳಿಗೆ ಎದುರಾಗಿ. ಅವ್ವನ ಮುಂದೆ ನಿಂತು, ಸೀರೆ ನಿರಿಗೆ ಹಿಡಿದು ಎಳೆದ್ಲು. ಮುಖ ಎತ್ತಿ ನೋಡಿದ್ಲು...

“ನಲವತ್ತು... ನಲವತ್ತೊಂದು...”

ಅವ್ವನ ಕಣ್ಣು ಕುರಿ ಬೆನ್ನ ಮೇಲೇ ಇತ್ತು. ಮಗು ಸ್ವಲ್ಪ ಹೊತ್ತು ಕಾಯ್ತು. ಆಮೇಲೆ ಕೈ ಬಿಟ್ಟು ಕತ್ತಲಿಗೆ ಹೋಯ್ತು. ಪೆದ್ದಣ್ಣ ಕೂಗಬೇಕು ಅಂತ ಬಾಯಿ ತೆಗೆದ. ಅಷ್ಟರಲ್ಲಿ ಮಗು ಮರೆಯಾಗಿತ್ತು.

“ಅರವತ್ನಾಲ್ಕು. ಸರಿಯಾಗವೆ.” ಚಿಕ್ಕಹನುಮಕ್ಕ ತಿರುಗಿದ್ಲು. ಅವನ ಮುಖ ನೋಡಿ ಪಿಸುಗುಟ್ಟಿದ್ಲು, “ಯಾಕಯ್ಯಾ ಅಂಗೆ ನೋಡ್ತೀಯಾ? ಏನಾರ ಕಂಡ್ಯಾ?”

ಒಂದೇ ಒಂದು ಮಾತು ಹೇಳಿದ್ರೆ ಅವನು ಗೆದ್ದಿದ್ದ. ಆದ್ರೆ ಮಗಳು ಬಂದು ನಿಂತಿದ್ದು ತನಗೂ ಕಾಣಲಿಲ್ಲ ಅಂತ ಗೊತ್ತಾದ್ಮೇಲೆ ಆ ತಾಯಿ ಉಳೀತಿದ್ಲಾ? ಥೂ, ಯಾವನಿಗೆ ಬೇಕು ಅಂಥಾ ಗೆಲುವು!

“ಏನೂ ಕಾಣ್ಲಿಲ್ಲ ಕಣೇ.”

“ನಿಂಗೇನು ಕಂಡಾತು ಬುಡು,” ಅಂದು ಅವಳು ಬಾಗಿಲು ಎಳೆದ್ಲು.

ಬೆಳಗ್ಗೆ ಅವಳ ಸೀರೆ ತಂತಿ ಮೇಲೆ ಹರವಿತ್ತು. ನಿರಿಗೆ ಹತ್ರ, ಮಕ್ಕಳ ಹಿಡಿಯಷ್ಟು ಜಾಗ ಒದ್ದೆ. ಮೂರು ದಿನ ಆ ಉರಿಬಿಸಿಲಲ್ಲೂ ಒಣಗಲಿಲ್ಲ. ನಾನೇ ಮುಟ್ಟಿ ನೋಡಿದೀನಿ ಕಣ್ರೀ... ತಣ್ಣಗಿತ್ತು.