ಕಂಬಕ್ಕೆ ಕಟ್ಟಿದ ಹಳದಿ ಟವೆಲ್

ನಾನು, ದೂರಿನಲ್ಲಿ ‘ಚಿಕ್ಕಮ್ಮ’ ಎಂದು ನಮೂದಾಗಿರುವಾಕೆ, ವಯಸ್ಸು 61 ವರ್ಷ, ಕಸುಬು ಶಾಲಾ ಸಮವಸ್ತ್ರದ ಹೊಲಿಗೆ, ವಾಸ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೇ ಅಂಗಡಿಯ ಹಿಂಬದಿಯ ಎರಡು ಕೋಣೆ, ಈ ದಿನ ಠಾಣೆಯಲ್ಲಿ ಕೇಳಿದ್ದಕ್ಕೆ ಉತ್ತರವಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅಕ್ಕ, ವಯಸ್ಸು 68, ಅಂಚೆ ಕಚೇರಿಯಿಂದ ನಿವೃತ್ತಳು, ಒಂಬತ್ತು ವರ್ಷದಿಂದ ನನ್ನ ಜೊತೆಯಲ್ಲಿ ಇರುತ್ತಾಳೆ. ಏಳು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಆಕೆಯ ಬಲಗೈ, ಬಲಗಾಲಿನ ಶಕ್ತಿ ಕುಂದಿರುತ್ತದೆ. ಮಾತಿಗೆ ಏನೂ ಆಗಿಲ್ಲ. ಆಗಿದ್ದರೆ ನನಗೆ ಒಂದಿಷ್ಟು ನೆಮ್ಮದಿ ಇರುತ್ತಿತ್ತು. ದೂರು ಕೊಟ್ಟವನು ಆಕೆಯ ಒಬ್ಬನೇ ಮಗ, ಬೇರೆ ಊರಿನಲ್ಲಿ ಔಷಧಿ ಅಂಗಡಿ ಇಟ್ಟಿರುವವನು. ಅವನು ಸೋಮವಾರ ಬಂದು, ತನ್ನ ಊರಿನ ಆರೈಕೆ ಕೇಂದ್ರದಲ್ಲಿ ಅಮ್ಮನಿಗೆ ಜಾಗ ಸಿಕ್ಕಿದೆ, ಗುರುವಾರ ಬೆಳಿಗ್ಗೆ ಆಂಬುಲೆನ್ಸ್ ಬರುತ್ತದೆ ಎಂದನು. ‘ನಿಂಗೂ ಅರವತ್ತು ದಾಟಿತು ಚಿಕ್ಕಮ್ಮ, ಅಮ್ಮನ್ನ ಎತ್ತಿ ಇಳಿಸೋಕೆ ನಿನ್ನಿಂದ ಆಗಲ್ಲ’ ಎಂದೂ ಹೇಳಿದನು. ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನ ಮೇಲೆ ನನಗೆ ದ್ವೇಷವಿಲ್ಲ. ಅವನ ಮೊದಲ ಅಂಗಿ ಹೊಲಿದವಳು ನಾನೇ.

ಈ ದಿನ ಬುಧವಾರ ಬೆಳಿಗ್ಗೆ 7.10ಕ್ಕೆ ಮಗ ಆಸ್ಪತ್ರೆಯ ಕಾಗದ ತರಲು ಹೋದನು. 7.15ಕ್ಕೆ ಅಕ್ಕ ನನ್ನನ್ನು ಕರೆದು, ಊರು ಬಿಡುವ ಮೊದಲು ಒಂದು ಸಲ ಬಿಸಿನೀರಿನ ಬುಗ್ಗೆಯಲ್ಲಿ ತೇಲಬೇಕು ಎಂದಳು. ಮಗನನ್ನು ಕೇಳೋಣ ಎಂದೆ. ‘ಅವನನ್ನ ಹೆತ್ತೋಳು ನಾನು, ನಾನ್ಯಾಕೆ ಅವನನ್ನ ಕೇಳ್ಲಿ? ನಿಂಗೆ ಭಯ ಆದ್ರೆ ವ್ಯಾನಿನ ಕೀಲಿ ಕೊಡು’ ಎಂದಳು. ಬಲಗೈ ಏಳದವಳು ಕೀಲಿ ಕೇಳಿದ ಮೇಲೆ ನಾನೇ ಕೀಲಿ ತೆಗೆದುಕೊಂಡೆನು.

ನಾನು ಹೇಳದೆ ಕೇಳದೆ ಕರೆದುಕೊಂಡು ಹೋದೆ ಎಂದು ದೂರಿನಲ್ಲಿ ಬರೆದಿರುವುದು ಸರಿಯಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ‘ಬುಗ್ಗೆಗೆ ಹೋಗಿದೀವಿ, ಸಂಜೆ ಬರ್ತೀವಿ’ ಎಂದು ದೊಡ್ಡದಾಗಿ ಬರೆದಿರುತ್ತೇನೆ. ಆಮೇಲೆ ನಲವತ್ತು ವರ್ಷದ ಅಭ್ಯಾಸದಂತೆ, ಅಂಗಡಿ ಬಿಡುವಾಗ ಧೂಳು ಕೂರಬಾರದೆಂದು ಮೇಜಿಗೆ ಬಟ್ಟೆ ಹೊದಿಸಿರುತ್ತೇನೆ. ತಪ್ಪು ನನ್ನದೇ. ಮಗ 8.30ಕ್ಕೆ ಬಂದು ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಹುಡುಕಿದ್ದಾನೆ. ನನ್ನ ಫೋನಿಗೆ ಹನ್ನೊಂದು ಸಲ ಕರೆ ಮಾಡಿದ್ದಾನೆ. ಬುಗ್ಗೆಯ ದಾರಿಯಲ್ಲಿ ಸಿಗ್ನಲ್ ಇರುವುದಿಲ್ಲ. 9.40ಕ್ಕೆ ಅಂಗಡಿಗೆ ಬಂದ ಪೇದೆಯವರು ಬಟ್ಟೆ ಎತ್ತಿದಾಗಲೇ ಬರಹ ಕಂಡದ್ದು.

ಸಮವಸ್ತ್ರ ಸಾಗಿಸುವ ನನ್ನ ವ್ಯಾನಿನಲ್ಲಿ ನಾವು 7.40ಕ್ಕೆ ಹೊರಟೆವು. ಡಾಂಬರು ರಸ್ತೆ 31 ಕಿ.ಮೀ., ಆಮೇಲೆ ಜಲ್ಲಿ ರಸ್ತೆ 19 ಕಿ.ಮೀ. ಆ ಜಲ್ಲಿ ರಸ್ತೆಗೆ ರೋಡ್ ರೋಲರ್ ಓಡಿಸಿದವರು ನಮ್ಮ ಅಪ್ಪ. ಅಕ್ಕನಿಗೆ ಕುಲುಕಬಾರದೆಂದು ಗಂಟೆಗೆ 12 ಕಿ.ಮೀ. ವೇಗದಲ್ಲಿ ಹೋಗಿರುತ್ತೇನೆ. ಆದರೂ ಗುಂಡಿ ಬಂದಾಗಲೆಲ್ಲ, ಅಪ್ಪ ಇದನ್ನು ನೋಡಿದ್ದರೆ ಊಟ ಬಿಡುತ್ತಿದ್ದರು ಎಂದು ಅಕ್ಕ ನನ್ನನ್ನೇ ಬೈದಳು. 10.05ಕ್ಕೆ ಕಲ್ಲುಕಂಬ ತಲುಪಿದೆವು.

ಕಂಬದ ವಿಷಯ ಹೇಳಬೇಕು. ಅಲ್ಲಿಂದ ಕೊಳ 220 ಹೆಜ್ಜೆ, ಬಂಡೆಯ ಮರೆಯಲ್ಲಿದೆ. ಮೊದಲು ಬಂದವರು ತಮ್ಮ ಟವೆಲನ್ನು ಕಂಬಕ್ಕೆ ಕಟ್ಟಿ ಹೋಗುತ್ತಾರೆ. ಅದು ಇರುವವರೆಗೆ ಬೇರೆಯವರು ಮುಂದೆ ಹೋಗುವುದಿಲ್ಲ. ಎಷ್ಟು ಹೊತ್ತು ಎಂದು ಯಾರೂ ಕೂಗಿ ಕೇಳುವುದಿಲ್ಲ. ಕಟ್ಟಿದವರೇ ಬಿಚ್ಚಬೇಕು. ಅಪ್ಪ ನಮಗೂ, ಆಮೇಲೆ ಮೊಮ್ಮಗನಿಗೂ ಇದನ್ನೇ ಕಲಿಸಿದ್ದರು. ನಾನು ಅಕ್ಕನ ಹಳದಿ ಟವೆಲ್ ಕಟ್ಟಿದೆನು.

220 ಹೆಜ್ಜೆಗೆ 50 ನಿಮಿಷ ಹಿಡಿಯಿತು. 11.10ಕ್ಕೆ ಇಬ್ಬರೂ ಹಳೆಯ ನೈಟಿಯಲ್ಲೇ ನೀರಿಗೆ ಇಳಿದೆವು. ನೀರು ಸೊಂಟದವರೆಗೆ. ನನಗೆ ಆರು ವರ್ಷವಿದ್ದಾಗ ಅಕ್ಕ ಅದೇ ಕೊಳದಲ್ಲಿ ನನ್ನ ಬೆನ್ನ ಕೆಳಗೆ ಕೈ ಇಟ್ಟು ತೇಲುವುದನ್ನು ಕಲಿಸಿದ್ದಳು. ಈಗ ನಾನು ಆಕೆಯ ಬೆನ್ನ ಕೆಳಗೆ ಎರಡೂ ಕೈ ಇಟ್ಟೆನು. ಮನೆಯಲ್ಲಿ ಆಕೆಯನ್ನು ಎತ್ತುವಾಗ ನನ್ನ ನಡು ಮುರಿಯುತ್ತದೆ. ನೀರಿನಲ್ಲಿ ಭಾರವೇ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ, ‘ಕೈ ತೆಗಿಯೇ’ ಎಂದಳು. ಆಗಲ್ಲ ಎಂದೆ. ‘ನಾನು ಅವತ್ತು ತೆಗೀಲಿಲ್ವಾ? ನೀನು ಮುಳುಗಿದ್ಯಾ?’ ಎಂದಳು. ಕೈ ತೆಗೆದೆನು. ಅಕ್ಕ ತೇಲಿದಳು. ಬಲಗೈ ತಾನಾಗಿ ನೀರಿನ ಮೇಲೆ ಬಂದು ನಿಂತಿತು. ಆಕೆ ಜೋರಾಗಿ ನಕ್ಕಳು. ನಾನು ಅತ್ತಿರುತ್ತೇನೆ. ಎಷ್ಟು ನಿಮಿಷ ಎಂದು ಕೇಳಿದ್ದೀರಿ. ಈ ಹೇಳಿಕೆಯಲ್ಲಿ ನನಗೆ ಸಮಯ ಗೊತ್ತಿಲ್ಲದ್ದು ಇದೊಂದೇ.

12.10ಕ್ಕೆ ಮೇಲೆ ಬಂದು, ಬಟ್ಟೆ ಬದಲಿಸಿ, ನಡೆದು, 1.20ಕ್ಕೆ ಕಂಬದ ಬಳಿ ಬಂದೆವು. ಅಲ್ಲಿ ಪೊಲೀಸ್ ಜೀಪು, ಪೇದೆಯವರು, ಮಗ ಇದ್ದರು. ಮಗ ಬೈಯಲಿಲ್ಲ. ಕೂತು ಅಮ್ಮನ ಚಪ್ಪಲಿಯ ಪಟ್ಟಿ ಸರಿಮಾಡಿದನು. ಎಷ್ಟೊತ್ತಾಯಿತೋ ಬಂದು ಎಂದು ಅಕ್ಕ ಕೇಳಿದಾಗ, ಈಗ ತಾನೇ ಎಂದನು. ಅವರು 11.40ಕ್ಕೇ ಬಂದಿದ್ದರೆಂದು ಪೇದೆಯವರು ನನಗೆ ಆಮೇಲೆ ತಿಳಿಸಿದರು. ಒಳಗೆ ಹೋಗಿ ನೋಡೋಣ ಎಂದು ಅವರು ಎರಡು ಸಲ ಹೇಳಿದರೂ ಮಗ, ‘ಟವೆಲ್ ಇದೆ ಸಾರ್. ಅಮ್ಮ ನಗೋದು ಕೇಳಿಸ್ತಿದೆ. ಕಾಯೋಣ’ ಎಂದು ಒಂದು ಗಂಟೆ ನಲವತ್ತು ನಿಮಿಷ ಬಿಸಿಲಲ್ಲಿ ನಿಂತಿದ್ದನಂತೆ. ಅವನ ಆ ಒಂದು ಸುಳ್ಳನ್ನು ಅಪರಾಧವೆಂದು ಎಣಿಸಬಾರದೆಂದು ಕೋರುತ್ತೇನೆ.

4.30ಕ್ಕೆ ಠಾಣೆಯಲ್ಲಿ, ಸ್ವಂತ ಇಚ್ಛೆಯಿಂದ ಹೋಗಿದ್ದೆ ಎಂದು ಅಕ್ಕನ ಹೇಳಿಕೆ ಬರೆದು, ಎಡಗೈ ಹೆಬ್ಬೆಟ್ಟಿಗೆ ಮಸಿಯ ಡಬ್ಬಿ ಇಟ್ಟರು. ಅಕ್ಕ ಅದನ್ನು ಪಕ್ಕಕ್ಕೆ ತಳ್ಳಿ ಪೆನ್ನು ಕೇಳಿದಳು. ಬಲಗೈಯ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡಳು. ಅದು ನಡುಗುವುದನ್ನು ಕಂಡು ಮಗ ಹಿಡಿಯಲು ಹೋದನು. ‘ಕೈ ತೆಗಿಯೋ’ ಎಂದಳು. ತೆಗೆದನು. ನಾಲ್ಕು ನಿಮಿಷ ಹಿಡಿಯಿತು. ಎಲ್ಲರೂ ಕಾದೆವು. ಸಹಿ ಗೆರೆ ದಾಟಿ ಮೇಲಕ್ಕೆ ಹೋಗಿದೆ, ಅದು ಆಕೆಯದೇ. ಮಗ ಹೊರಗಿನ ಜಗುಲಿಗೆ ಹೋಗಿ ಫೋನು ಮಾಡಿ, ನಾಳೆ ಆಂಬುಲೆನ್ಸ್ ಬೇಡ ಎಂದು ಹೇಳಿದ್ದು ಕಿಟಕಿಯಿಂದ ನನಗೆ ಕೇಳಿಸಿರುತ್ತದೆ.

ಇದಿಷ್ಟನ್ನು ಪೇದೆಯವರು ನನಗೆ ಓದಿ ಹೇಳಿದರು. ನಡೆದದ್ದರ ಅಳತೆಗೆ ಸರಿಯಾಗಿದೆ; ಎಲ್ಲಿಯೂ ಬಿಗಿಯಿಲ್ಲ, ಸಡಿಲವಿಲ್ಲ.

ಸ್ಥಳ: ಠಾಣೆ, ಬರಹಗಾರರ ಮೇಜು
ದಿನಾಂಕ: ಮೇಲೆ ಹೇಳಿದ ಬುಧವಾರವೇ, ಸಂಜೆ 5.25
ಸಹಿ: (ಚಿಕ್ಕಮ್ಮ)
ಸಾಕ್ಷಿ: (ದೂರು ಕೊಟ್ಟ ಮಗ, ತಾನೇ ಕೇಳಿಕೊಂಡು ಸಹಿ ಹಾಕಿರುತ್ತಾನೆ)