ಸಾಕ್ಷಿಯಿಲ್ಲದ ಏಟು

ಮೂಳೆ ಡಾಕ್ಟರ ಕೋಣೆಯ ಹೊರಗೆ, ಕಾಲು ಉಳುಕಿಸಿಕೊಂಡು ಕೂತಿದ್ದ ದರ್ಜಿಯ ಕಿವಿ ಪಕ್ಕದ ಬೆಂಚಿನ ಗಂಡಹೆಂಡಿರ ಮೇಲಿತ್ತು. ಗಂಡನ ಮೊಣಕೈಗೆ ಪಟ್ಟಿ ಬಿಗಿದಿತ್ತು.

"ಒಂದೇ ಏಟಿಗೆ ಚೆಂಡು ಗುಂಡಿಗೆ ಬಿತ್ತು ಕಣೇ. ಗಾಲ್ಫ್ ಕ್ಲಬ್‌ನವರು ನಂಬಲ್ಲ. ಜೊತೆಗೆ ಆಡಿದವರ ಸಹಿ ಬೇಕಂತೆ."

"ಹಾಕಿಸಿ."

"ಒಬ್ಬನೇ ಆಡ್ತಿದ್ದೆ."

"ಮುಂಚೆ ಕೆರೆ ಪಕ್ಕದ ಮೈದಾನದಲ್ಲಿ ಒಬ್ರು ಜೊತೆಗಿದ್ರಲ್ಲ?"

"ಗೆಲ್ಲೋಕೆ ಹೊಡೆದಿದ್ದಕ್ಕಿಂತ ಏಟು ಕಮ್ಮಿ ಬರ್ಕೊತಿದ್ದ. ಮೋಸ ಅಂತ ಮುಖದ ಮೇಲೆ ಹೇಳಿ ಬಿಟ್ಟುಬಂದೆ."

"ಗುಡ್ಡದ ಮೈದಾನದವರು?"

"ಬಾಯಿಬಡುಕ."

"ನಾನೂ ಬರ್ತೀನಿ ಅಂದಿದ್ದೆ."

"ನಿಂಗೇನು ತಿಳಿಯುತ್ತೆ ಆಟ?"

"ಗುಂಡಿಗೆ ಬಿದ್ದಿದ್ದಾದ್ರೂ ಕಾಣ್ತಿತ್ತು."

ನರ್ಸ್ ಬಾಗಿಲು ತೆರೆದಳು. "ಮೊಣಕೈಯವರು ಬನ್ನಿ. ಜೊತೆಗೆ ಯಾರಾದ್ರೂ ಇದ್ದಾರಾ?"

ಗಂಡ ಹೆಂಡತಿಯತ್ತ ತಿರುಗಿದ. ಅವಳು ಚೀಲವನ್ನು ಹೆಗಲಿಗೇರಿಸಿ ಹೊರಬಾಗಿಲಿನತ್ತ ನಡೆಯುತ್ತ ಅಂದಳು:

"ಇಲ್ಲಮ್ಮ. ಅವರು ಯಾವಾಗಲೂ ಒಬ್ರೇ."