ಮುಂದಿನ ತಿಂಗಳ ಕನ್ನಡಕ

ಶರಣ ಬಂಧುಗಳೇ, ತಾಯಂದಿರೇ, ನಿನ್ನೆಯಿಂದ ದಾನದ ಮಾತು ಆಡುತ್ತಿದ್ದೇವೆ. ದಾನ ಅಂದಕೂಡಲೇ ನಮ್ಮ ಮನಸ್ಸು ಹೊಸ್ತಿಲು ದಾಟಿ ಹೊರಗೆ ಹೋಗುತ್ತದೆ. ಮಠಕ್ಕೆ ಏನು ಕೊಡಬೇಕು, ದಾಸೋಹಕ್ಕೆ ಏನು ಕೊಡಬೇಕು ಅಂತ ವಿಚಾರ ಮಾಡುತ್ತೇವೆ. ಒಳ್ಳೆಯದೇ. ಆದರೆ ಇವತ್ತು ಸ್ವಲ್ಪ ಹೊತ್ತು ಹೊಸ್ತಿಲಿನ ಒಳಗೇ ಕೂಡೋಣ. ಒಂದು ದೃಷ್ಟಾಂತ ಹೇಳುತ್ತೇನೆ.

ಒಂದು ಊರಿನಲ್ಲಿ ಒಬ್ಬ ಸಾಹುಕಾರ ಇದ್ದ ಅಂತ ಶುರು ಮಾಡುವುದು ರೂಢಿ. ನಮ್ಮ ಕಥೆಯವನು ಸಾಹುಕಾರ ಅಲ್ಲ. ಎಣ್ಣೆ ಗಿರಣಿಯಲ್ಲಿ ಗುಮಾಸ್ತ. ಹೆಸರು ಅಡಿವೆಪ್ಪ. ಬಾಡಿಗೆ ಮನೆ. ಮನೆಯಲ್ಲಿ ವಯಸ್ಸಾದ ತಾಯಿ, ಹೆಂಡತಿ ದಾಕ್ಷಾಯಣಿ, ಕಾಲೇಜು ಕಲಿಯುವ ತಮ್ಮ, ಶಾಲೆಗೆ ಹೋಗುವ ಮೂವರು ಮಕ್ಕಳು. ದುಡಿಯುವವನು ಒಬ್ಬ, ಉಣ್ಣುವವರು ಏಳು ಮಂದಿ. ಆದರೂ ಆ ಮನೆಗೆ ಸಾಲ ಇರಲಿಲ್ಲ. ಓಣಿಯ ಜನ ಅವನನ್ನು ಕಂಡರೆ, "ಅಡಿವೆಪ್ಪಣ್ಣಾ, ಹೆಂಗ ನಡಸ್ತಿಯೋ ಮಾರಾಯಾ?" ಅಂತ ಕೇಳುತ್ತಿದ್ದರು. ಅವನು ಸುಮ್ಮನೆ ನಗುತ್ತಿದ್ದ. ಒಳಗೊಳಗೆ ಹಿಗ್ಗುತ್ತಿದ್ದ. ಯಾಕೆ ಹಿಗ್ಗಬಾರದು? ಗಿರಣಿಗೆ ನಡೆದುಕೊಂಡೇ ಹೋಗುತ್ತಿದ್ದ. ಒಂದು ಕಪ್ ಚಹಾ ಹೊರಗೆ ಕುಡಿದವನಲ್ಲ. ಕೆಟ್ಟವನಲ್ಲ, ಜಿಪುಣನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನನ್ನು ಕೆಟ್ಟವನು ಅಂದುಕೊಂಡರೆ ಕಥೆ ನಿಮಗೆ ಮುಟ್ಟುವುದಿಲ್ಲ, ಬೇರೆ ಯಾರದೋ ಮನೆಯ ಕಥೆ ಅಂತ ಎದ್ದು ಹೋಗುತ್ತೀರಿ.

ಸಂಬಳ ಬಂದ ದಿನ ಅವನು ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿಕೊಂಡು ಕೇಳುತ್ತಿದ್ದ. ಅವ್ವಾ, ನಿನಗೇನು ಬೇಕು? ಗುಳಿಗಿ. ತಮ್ಮಾ, ನಿನಗೆ? ಪರೀಕ್ಷೆ ಫೀ. ಮಕ್ಕಳಿಗೆ? ಬೂಟು, ಬರೆಯುವ ಪಟ್ಟಿ, ಶಾಲೆಯ ಟ್ರಿಪ್ಪು. ಎಲ್ಲ ಆದ ಮೇಲೆ, ಏಳುವ ಹೊತ್ತಿಗೆ, ಅಡುಗೆ ಮನೆಯ ಕಡೆಗೆ ಮುಖ ಮಾಡಿ ಕೇಳುತ್ತಿದ್ದ. "ನಿನಗೇನರ ಬೇಕೇನ?"

"ನನಗೇನೂ ಬ್ಯಾಡ್ರಿ. ಎಲ್ಲಾ ಐತಿ."

ನೋಡಿ, ಆ ಉತ್ತರ ಅವನಿಗೆ ಬಹಳ ಹಿಡಿಸುತ್ತಿತ್ತು. ಇಂಥ ಹೆಂಡತಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂದುಕೊಳ್ಳುತ್ತಿದ್ದ. ಅಲ್ಲಿ ಕಂಬದ ಹತ್ತಿರ ಕುಳಿತ ಅಣ್ಣಂದಿರು ನಗುತ್ತಿದ್ದೀರಿ. ತಾಯಂದಿರು ಯಾರೂ ನಗಲಿಲ್ಲ, ನಾನು ನೋಡಿದೆ.

ಒಂದು ತಿಂಗಳು ಮಾತ್ರ ದಾಕ್ಷಾಯಣಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನಿಂತಳು. "ಇವರ, ಕಣ್ಣು ಮಂಜ ಆಗ್ಯಾವ್ರಿ. ಹತ್ತರದ್ದೂ ಕಾಣವಲ್ದು, ದೂರದ್ದೂ ಕಾಣವಲ್ದು. ಒಮ್ಮೆ ತೋರಸಬೇಕಾಗಿತ್ತು."

ಅಡಿವೆಪ್ಪ ಕೈಯಲ್ಲಿ ಉಳಿದದ್ದನ್ನು ನೋಡಿದ. ಅದು ತಮ್ಮನ ಫೀಗೆ ಮಾತ್ರ ಸಾಕಾಗುವಷ್ಟಿತ್ತು. "ಮುಂದಿನ ತಿಂಗಳ ನೋಡೋಣಂತ," ಅಂದ.

"ಹೂಂ ರಿ, ಗಡಿಬಿಡಿ ಏನಿಲ್ಲ," ಅಂತ ಆಕೆ ಒಳಗೆ ಹೋದಳು.

ಮುಂದಿನ ತಿಂಗಳು ಬಂತು. ಮಗನಿಗೆ ಜ್ವರ ಬಂತು. ಅದರ ಮುಂದಿನ ತಿಂಗಳು ಯಾರದೋ ಮದುವೆ, ಮುಯ್ಯಿ ಮಾಡಬೇಕಾಯಿತು. ಆಕೆ ಮತ್ತೆ ನೆನಪು ಮಾಡಲಿಲ್ಲ. ಆಕೆ ನೆನಪು ಮಾಡಲಿಲ್ಲ ಅಂತ ಅವನು ಮರೆತ. ಮರೆಯುವುದು ಎಷ್ಟು ಸುಲಭ, ನೋಡಿ! ಬೇಕು ಬೇಕು ಅಂತ ಕೂಗುವವರ ಮಾತು ನೆನಪಿರುತ್ತದೆ. ಸುಮ್ಮನಿರುವವರ ಮಾತು ಸುಮ್ಮನೆ ಹೋಗುತ್ತದೆ.

ಮನೆಯವರಿಗೆ ಏನೂ ಕಾಣಲಿಲ್ಲವೇ? ಕಂಡಿತು. ಅನ್ನದಲ್ಲಿ ಹರಳು ಬರತೊಡಗಿತು. ತಮ್ಮ ಚೇಷ್ಟೆ ಮಾಡಿದ. "ವೈನಿ, ಅಕ್ಕಿ ಹಸನ ಮಾಡೂ ಮುಂದ ಧಾರಾವಾಹಿ ನೋಡ್ತಿದ್ರೇನ?" ಆಕೆಯೂ ನಕ್ಕಳು. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆದಳು. "ನೀನ ಹಾಕಿ ಕೊಡವಾ, ನಿನ್ನ ಕೈ ಚಲೋ" ಅಂದಳು. ಹಂಚಿನ ಅಂಚು ತಾಗಿ ಬೆರಳು ಸುಟ್ಟುಕೊಂಡಳು, ಅರಿಶಿನ ಹಚ್ಚಿಕೊಂಡು ಮತ್ತೆ ರೊಟ್ಟಿ ಬಡಿದಳು. ಎಲ್ಲರಿಗೂ ಕಂಡಿತು. ಯಾರೂ ನೋಡಲಿಲ್ಲ.

ಶ್ರಾವಣ ಬಂತು. ಸೋಮವಾರ ಅಡಿವೆಪ್ಪನ ತಾಯಿಯದು ಒಪ್ಪತ್ತು. ಮುದುಕಿಗೆ ಎರಡು ಬಗೆಯ ಗುಳಿಗೆ ಇದ್ದವು, ರಕ್ತದೊತ್ತಡಕ್ಕೆ ಒಂದು, ಸಕ್ಕರೆ ಕಾಯಿಲೆಗೆ ಒಂದು. ಉಪವಾಸದ ದಿನ ಸಕ್ಕರೆಯ ಗುಳಿಗೆ ಕೊಡಬಾರದು, ಬಿಪಿಯದು ಮಾತ್ರ ಕೊಡಿ ಅಂತ ಡಾಕ್ಟರು ಹೇಳಿದ್ದರು. ಎರಡರ ಹಾಳೆಯೂ ಬೆಳ್ಳಗೆ ಮಿಂಚುವಂಥದ್ದು. ಗುಳಿಗೆಗಳೂ ಒಂದೇ ಗಾತ್ರದವು.

ಒಂದು ಸೋಮವಾರ ಅಡಿವೆಪ್ಪ ಗಿರಣಿಯಲ್ಲಿದ್ದಾಗ ತಮ್ಮನ ಫೋನು ಬಂತು. "ಅಣ್ಣಾ, ಅವ್ವ ಪೂಜಿಗೆ ಕುಂತಲ್ಲೇ ಬಿದ್ದಾಳ. ಮೈಯೆಲ್ಲಾ ಬೆವತೈತಿ. ಕರದ್ರ ಮಾತಾಡವಲ್ಲಳು. ದವಾಖಾನಿಗೆ ತಂದೀವಿ, ಲಗೂ ಬಾ."

ಅವನು ಓಡುತ್ತ ಬಂದಾಗ ತಾಯಿಯ ಕೈಗೆ ಸಲೈನು ಹಚ್ಚಿದ್ದರು. ಕಣ್ಣು ಮುಚ್ಚಿತ್ತು. ಡಾಕ್ಟರು ಹೊರಗೆ ಬಂದು, "ಸಕ್ಕರೆ ಒಮ್ಮೆಲೇ ಇಳಿದುಬಿಟ್ಟಿದೆ. ಇವತ್ತು ಯಾವ ಗುಳಿಗೆ ಕೊಟ್ಟಿರಿ?" ಅಂತ ಕೇಳಿದರು. ದಾಕ್ಷಾಯಣಿ ಚೀಲದಿಂದ ಎರಡೂ ಹಾಳೆ ತೆಗೆದಳು. ಒಂದನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. "ಇದ್ರಿ, ಬಿಪಿದು," ಅಂತ ಕೊಟ್ಟಳು.

ಡಾಕ್ಟರು ಓದಿದರು. "ಇದು ಸಕ್ಕರೆಯದಮ್ಮಾ."

ಅಡಿವೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಸುತ್ತ ಜನ ಇದ್ದಾರೆ ಅನ್ನುವುದನ್ನೂ ಮರೆತು ಹೆಂಡತಿಯ ಮೇಲೆ ಕೂಗಿದ. "ನನ್ನವ್ವನ್ನ ಕೊಲ್ಲತಿದ್ದೆಲ್ಲ! ಕಣ್ಣು ಕಾಣಂಗಿಲ್ಲೇನ ನಿನಗ?"

ಆಕೆ ತಲೆ ಎತ್ತಿ ಅವನನ್ನು ನೋಡಿದಳು. ಧ್ವನಿ ಏರಿಸಲಿಲ್ಲ.

"ಇಲ್ರಿ. ಕಾಣಂಗಿಲ್ಲ."

ಅಷ್ಟೇ. ಎದುರು ಮಾತಲ್ಲ, ಚುಚ್ಚು ಮಾತಲ್ಲ. ಅವನು ಕೇಳಿದ, ಆಕೆ ಉತ್ತರ ಕೊಟ್ಟಳು. ನಾವೆಲ್ಲ ದಿನಕ್ಕೆ ಎಷ್ಟು ಸಲ ಈ ಮಾತು ಬೈಗುಳವಾಗಿ ಆಡುತ್ತೇವೆ! ಯಾರಾದರೂ ನಿಜವಾದ ಉತ್ತರ ಕೊಟ್ಟರೆ ಏನು ಮಾಡುತ್ತೇವೆ?

ಅಡಿವೆಪ್ಪ ಗೋಡೆಗೆ ಒರಗಿ ಕುಳಿತ. ಬಾಗಿಲಿಗೆ ಬಂದು ನಿಂತ ಹೆಂಡತಿ ನೆನಪಾದಳು. ತಾನು ಆಡಿದ ಮಾತು ನೆನಪಾಯಿತು. ಎಷ್ಟು ತಿಂಗಳು ಕಳೆದವು ಅಂತ ನೆನಪು ಮಾಡಿಕೊಳ್ಳಲು ಹೋದ, ಆಗಲಿಲ್ಲ. ಪಕ್ಕದಲ್ಲಿ ದಾಕ್ಷಾಯಣಿ ಸೆರಗು ಬಾಯಿಗೊತ್ತಿಕೊಂಡು ಅತ್ತೆಗಾಗಿ ಅಳುತ್ತಿದ್ದಳು. ತನಗಾಗಿ ಅಲ್ಲ.

ದೇವರು ದೊಡ್ಡವನು, ಮಧ್ಯಾಹ್ನದ ಹೊತ್ತಿಗೆ ಮುದುಕಿ ಕಣ್ಣು ತೆರೆದಳು. ನಡೆದದ್ದನ್ನು ಕೇಳಿ ತಿಳಿದುಕೊಂಡಳು. ಮಗನನ್ನು ಹತ್ತಿರ ಕರೆದು ಹೇಳಿದಳು. "ಆಕೀನ್ನ ಬೈಬ್ಯಾಡ ಅಡಿವ್ಯಾ. ಆಕೀ ಕೈ ಸುಟಗೊಳ್ಳೂದು ನಾನೂ ನೋಡೇನಿ. ನೋಡಿ ಸುಮ್ನ ಕುಂತೇನಿ. ನಾ ಇಲ್ಲೇ ಇರ್ತೀನಿ, ಮೊದಲ ಆಕೀಗೆ ಚಸ್ಮಾ ಕೊಡಸ್ಕೊಂಡ ಬಾ, ಹೋಗು."

ಮರುದಿನವೇ ಕರೆದುಕೊಂಡು ಹೋದ. ಕಣ್ಣಿನ ಡಾಕ್ಟರು ಮೂಗಿನ ಮೇಲೆ ಚೌಕಟ್ಟು ಕೂಡಿಸಿ, ಒಂದೊಂದೇ ಗಾಜು ಹಾಕಿ ತೆಗೆದು, ಗೋಡೆಯ ಮೇಲಿನ ಅಕ್ಷರ ಓದಿಸಿದರು. ಆಕೆ ಶಾಲೆಯ ಹುಡುಗಿಯ ಹಾಗೆ ಓದಿದಳು. ಓದಿ ಮುಗಿಸಿ, ಪಕ್ಕದ ಕುರ್ಚಿಯಲ್ಲಿದ್ದ ಗಂಡನ ಕಡೆಗೆ ತಿರುಗಿದಳು. ನೋಡುತ್ತಲೇ ಇದ್ದಳು.

"ನಿಮ್ಮ ತಲಿ ಇಷ್ಟ ಬೆಳ್ಳಗ ಯಾವಾಗ ಆತ್ರಿ?"

ಅವನು ಮುಖ ಆ ಕಡೆ ಮಾಡಿಕೊಂಡ. ಆಸ್ಪತ್ರೆಯಲ್ಲಿ ಬರದ ಕಣ್ಣೀರು ಅಲ್ಲಿ ಬಂತು.

ಮುಂದಿನ ಸಂಬಳದ ದಿನ ಅವನು ಪಡಸಾಲೆಯಲ್ಲಿ ಕೂಡಲಿಲ್ಲ. ಅಡುಗೆ ಮನೆಗೆ ಹೋಗಿ, ಒಲೆಯ ಕಟ್ಟೆಯ ಹತ್ತಿರ ಮಣೆ ಹಾಕಿಕೊಂಡು ಕುಳಿತ. "ಈ ಸಲ ನಿನ್ನಿಂದ ಶುರು. ಏನ ಬೇಕು ಹೇಳು," ಅಂದ. ಆಕೆ ರೂಢಿಯ ಮಾತನ್ನೇ ಆಡಿದಳು. ಅವನು ಏಳಲಿಲ್ಲ. ಕಡೆಗೆ ಆಕೆ ಹಿಟ್ಟಿನ ಕೈಯನ್ನು ನೋಡಿಕೊಳ್ಳುತ್ತ, "ಒಂದ ಜೋಡಿ ಚಪ್ಪಲ್ ಬೇಕಾಗಿತ್ರಿ. ಮಗಳ ಹಳೇವು ಹಾಕೊಂಡೀನಿ, ಕಾಲ ಹಿಡಿಸಂಗಿಲ್ಲ," ಅಂದಳು. ಆಸ್ಪತ್ರೆಗೆ ಖರ್ಚಾದ ತಿಂಗಳು ಅದು. ಆದರೂ ಚಪ್ಪಲಿ ಬಂತು. ತಮ್ಮ ಸಾಯಂಕಾಲ ಒಂದು ಅಂಗಡಿಯಲ್ಲಿ ಕೆಲಸಕ್ಕೆ ನಿಂತ, ಟಿವಿಯ ಹೆಚ್ಚಿನ ಚಾನೆಲ್ ಬಿಡಿಸಿದರು, ಮಕ್ಕಳು ಎರಡು ದಿನ ಮುಖ ಊದಿಸಿಕೊಂಡು ಸುಮ್ಮನಾದರು. ಮನೆ ಮುಳುಗಲಿಲ್ಲ. ಮೊದಲು ಒಬ್ಬಳೇ ಹೊರುತ್ತಿದ್ದ ಕೊರತೆಯನ್ನು ಈಗ ಎಲ್ಲರೂ ಸ್ವಲ್ಪ ಸ್ವಲ್ಪ ಹೊತ್ತರು, ಅಷ್ಟೇ.

ಈಗ ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೀರಿ. ಸಣ್ಣದನ್ನು ಉಳಿಸಲು ಹೋಗಿ ದೊಡ್ಡದು ಖರ್ಚಾಯಿತು, ಅದಕ್ಕೆ ಸ್ವಾಮಿಗಳು ಈ ಕಥೆ ಹೇಳಿದರು ಅಂತ. ಅಲ್ಲ. ಅದಕ್ಕಲ್ಲ. ಮುದುಕಿಗೆ ಏನೂ ಆಗದೆ ಇದ್ದಿದ್ದರೆ? ದಾಕ್ಷಾಯಣಿ ಒಂದು ಗುಳಿಗೆಯೂ ತಪ್ಪದೆ, ಕೈಯಿಂದ ಮುಟ್ಟಿ ಮುಟ್ಟಿ ಗುರುತಿಸಿ, ಇನ್ನೂ ಹತ್ತು ವರ್ಷ ಸಂಸಾರ ತೂಗಿಸಿದ್ದರೆ? ಆಗ ಆಕೆಗೆ ಕನ್ನಡಕ ಬೇಡವಾಗಿತ್ತೇ? ಹೇಳಿ! ಬೇರೆಯವರಿಗೆ ತೊಂದರೆ ಆದ ಮೇಲೆ ಮಾತ್ರ ಆಕೆಯ ಕಣ್ಣಿಗೆ ಬೆಲೆ ಬರಬೇಕೇ? ಆಕೆಯ ಕಣ್ಣು ಆಕೆಗಾಗಿ ಕಾಣಬೇಕು. ಮಕ್ಕಳ ಮುಖ ನೋಡಲು ಕಾಣಬೇಕು, ಸಂಜೆ ಆಕಾಶ ನೋಡಲು ಕಾಣಬೇಕು.

ಮಿತವಾಗಿ ಬಾಳುವುದು ಪುಣ್ಯ. ನಾನು ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಮನೆಯ ಉಳಿತಾಯ ಯಾರ ಮೈಯಿಂದ ಉಳಿಯುತ್ತಿದೆ ಅಂತ ಕೇಳಿಕೊಳ್ಳಿ. ಕೆಲವರ ಮನೆಯಲ್ಲಿ ಅದು ಹೆಂಡತಿ. ಕೆಲವರಲ್ಲಿ ಹಲ್ಲು ನೋವು ನುಂಗಿಕೊಂಡ ಅಪ್ಪ. ಇನ್ನು ಕೆಲವರಲ್ಲಿ ಕಲಿಯುವುದನ್ನು ಬಿಟ್ಟ ಹಿರಿಮಗಳು. ತಾಯಂದಿರೇ, ನಿಮಗೂ ಒಂದು ಮಾತು. ಬಾಯಿ ಮುಚ್ಚಿಕೊಂಡು ಸಹಿಸುವುದನ್ನೇ ದೊಡ್ಡ ಗುಣ ಅಂದುಕೊಳ್ಳಬೇಡಿ. ಕೇಳಿದರೆ ಹೇಳಿ. ಕೇಳದಿದ್ದರೂ ಹೇಳಿ. ನಿಮ್ಮನ್ನು ನೋಡಿ ನಿಮ್ಮ ಹೆಣ್ಣುಮಕ್ಕಳೂ ಅದನ್ನೇ ಕಲಿಯುತ್ತಾರೆ.

ನಾಳೆ ಮಠಕ್ಕೆ ಕಾಣಿಕೆ ತರಬೇಕು ಅಂತ ಯಾರು ಗಂಟು ಕಟ್ಟಿದ್ದೀರೋ, ಅದನ್ನು ತರಬೇಡಿ. ಗುರುವಿನ ಅಪ್ಪಣೆ ಅಂತಲೇ ತಿಳಿಯಿರಿ. ಇಲ್ಲಿಂದ ನೆಟ್ಟಗೆ ಮನೆಗೆ ಹೋಗಿ. ಊಟಕ್ಕೆ ಕೂಡುವ ಮುಂಚೆ, ಇಷ್ಟು ದಿನ ಏನೂ ಕೇಳದವರ ಎದುರಿಗೆ ಕುಳಿತು ಕೇಳಿ. ಆ ಗಂಟು ಅವರಿಗೆ ಮುಟ್ಟಲಿ. ಅದು ಇಲ್ಲಿಗೇ ಮುಟ್ಟಿತು ಅಂತ ನಾನು ತಿಳಿಯುತ್ತೇನೆ.